ಬೈಗುಳದ ರಾಶಿಯಲ್ಲಿ ಸಿಕ್ಕ ಬೇಗೂರಿನ ಕಲ್ಲು

ಬೆಂಗಳೂರಿನ ಹಳೆಯ ಪೇಟೆ, ಕೆರೆ, ಗುಡಿಗಳ ಬಗ್ಗೆ ಕನ್ನಡದಲ್ಲಿ ಪುಟ್ಟ ವಿಡಿಯೊಗಳನ್ನು ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತೇನೆ. ಮೊದಲೆರಡು ವರ್ಷ ನೋಡುವವರೇ ಕಡಿಮೆ, ಹಾಗಾಗಿ ಬೈಯುವವರೂ ಇರಲಿಲ್ಲ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂದು ಹೇಳಿದ ವಿಡಿಯೊ ಮಾತ್ರ ವಾರದೊಳಗೆ ಎಲ್ಲೆಲ್ಲಿಗೋ ಹೋಯಿತು. ಹನುಮಂತನಗರದ ಮನೆಯಲ್ಲಿ ಅಂದು ರಾತ್ರಿ ಅಮ್ಮ ಮೂರು ಸಲ ಊಟಕ್ಕೆ ಕರೆದರೂ ನಾನು ಮೊಬೈಲ್ ಬಿಟ್ಟು ಏಳಲಿಲ್ಲ. ನನ್ನ ಹಲ್ಲು, ನನ್ನ ಬಣ್ಣ, ಹಣೆಯಲ್ಲಿ ಕುಂಕುಮ ಏಕಿಲ್ಲ, ಇವಳು ಯಾವ ಜಾತಿ. ಅಂದು ಬಂದ ಹೊಗಳಿಕೆಗಳಲ್ಲಿ ಒಂದೂ ನೆನಪಿಲ್ಲ. ಹಲ್ಲಿನ ಬಗ್ಗೆ ಬರೆದ ಸಾಲು ಇಂದಿಗೂ ಅಕ್ಷರ ತಪ್ಪದೆ ನೆನಪಿದೆ.

‘ತಲೆಗೆ ಹಚ್ಚಿಕೊಳ್ಳಬೇಡ’ ಎಂದು ಎಲ್ಲರೂ ಹೇಳಿದರು. ಪ್ರೀತಿಯಿಂದಲೇ ಹೇಳಿದರು, ಆದರೆ ಆ ಮಾತು ನನ್ನ ಯಾವ ಕೆಲಸಕ್ಕೂ ಬರಲಿಲ್ಲ. ಮುಂದಿನ ಚಿತ್ರೀಕರಣದಲ್ಲಿ ನಾನು ತುಟಿ ಬಿಚ್ಚದೆ ನಗುತ್ತಿದ್ದುದನ್ನು ಗಮನಿಸಿದವಳು ತಂಗಿ. ಅಂದೇ ಪಾಸ್‌ವರ್ಡ್ ಬದಲಿಸಿ ತನ್ನ ಬಳಿ ಇಟ್ಟುಕೊಂಡಳು. ಮೂರು ವಾರ ಪ್ರತಿಕ್ರಿಯೆಗಳನ್ನೆಲ್ಲ ಅವಳೇ ಓದಿದಳು. ನಿದ್ದೆ ಬಾರದ ಒಂದು ರಾತ್ರಿ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, ಕರೆ ಮಾಡಿ ಕನ್ನಡದಲ್ಲೇ ಮಾತನಾಡಿದೆ. ಮೊದಲ ದಿನವೇ ಮಾಡಬೇಕಿತ್ತು.

ಬೇಡದ ಪದಗಳಿರುವ ಪ್ರತಿಕ್ರಿಯೆಗಳನ್ನು ಮರೆಮಾಡುವ ಸೌಲಭ್ಯ ಇನ್‌ಸ್ಟಾಗ್ರಾಂನಲ್ಲಿದೆ. ಆದರೆ ನಮ್ಮ ಬೈಗುಳಗಳು ಬರುವುದು ಹೆಚ್ಚಾಗಿ ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡದಲ್ಲಿ, ಅವುಗಳಿಗೆ ನಿಶ್ಚಿತ ಕಾಗುಣಿತವೆಂಬುದಿಲ್ಲ. ದೀರ್ಘಕ್ಕೆ ಒಬ್ಬರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ, ‘ಳ’ ಮತ್ತು ‘ಲ’ ಎರಡಕ್ಕೂ ಅದೇ ‘ಎಲ್’. ಅಕ್ಷರಗಳ ನಡುವೆ ಚುಕ್ಕಿ ಇಡುವವರೂ ಇದ್ದಾರೆ. ಒಂದೇ ಪದಕ್ಕೆ ಒಂಬತ್ತು ರೂಪ ಸಿಕ್ಕವು. ಜೀವನದಲ್ಲಿ ಬಾಯಿಬಿಟ್ಟು ಆಡದ ಮಾತುಗಳನ್ನು ಅಕ್ಕತಂಗಿಯರಿಬ್ಬರೂ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದೆವು. ಅಮ್ಮ ಕಾಫಿ ತಂದಾಗ ಪುಸ್ತಕ ಮುಚ್ಚಿದೆವು. ಆ ಪಟ್ಟಿ ಹಾಕಿದ ಮೇಲೆ ಬೈಗುಳಗಳಲ್ಲಿ ಮುಕ್ಕಾಲು ಪಾಲು ಕಣ್ಣಿಗೇ ಬೀಳಲಿಲ್ಲ.

ಪದೇಪದೇ ಬಂದು ಕೆಣಕುವವರನ್ನು ನಾನು ಬ್ಲಾಕ್ ಮಾಡುವುದಿಲ್ಲ, ರಿಸ್ಟ್ರಿಕ್ಟ್ ಮಾಡುತ್ತೇನೆ. ಬ್ಲಾಕ್ ಆದವರು ಬೇರೆ ಹೆಸರಿನಲ್ಲಿ ಮತ್ತೆ ಬರುತ್ತಾರೆ. ರಿಸ್ಟ್ರಿಕ್ಟ್ ಮಾಡಿದರೆ ಬರೆದದ್ದು ಬರೆದವರಿಗಷ್ಟೇ ಕಾಣುತ್ತದೆ, ತಮ್ಮ ಮಾತು ಯಾರಿಗೂ ತಲುಪುತ್ತಿಲ್ಲ ಎಂಬುದೂ ಅವರಿಗೆ ತಿಳಿಯುವುದಿಲ್ಲ. ಬೆದರಿಕೆಯ ಮಾತು ಬೇರೆ. ಅದನ್ನು ಅಳಿಸುವ ಮೊದಲು ದಿನಾಂಕ, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಸಮೇತ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬೇಕು. ಒಮ್ಮೆ ಕೊಟ್ಟಿದ್ದೇನೆ.

ಇಷ್ಟೆಲ್ಲ ಸೋಸಿದ ಮೇಲೆ ಒಂದು ಸಾಲು ಉಳಿಯಿತು: ‘ಬೇಗೂರಿನ ಶಾಸನ ನೋಡಿದ್ದೀರಾ? ನೋಡದೆ ಸುಳ್ಳು ಇತಿಹಾಸ ಹೇಳಬೇಡಿ.’ ಅದನ್ನೂ ಅಳಿಸು ಎಂದೆ. ‘ಇದು ಬೈಗುಳವಲ್ಲ ಅಕ್ಕಾ, ಪ್ರಶ್ನೆ’ ಎಂದಳು ತಂಗಿ.

ಭಾನುವಾರ ಇಬ್ಬರೂ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದೆವು. ಕ್ರಿ.ಶ. 890ರ ಸುಮಾರಿನ, ಗಂಗರ ಕಾಲದ ಕಲ್ಲು. ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಮಗ ಸತ್ತ ಸಂಗತಿ ಅದರಲ್ಲಿದೆ. ನಾನು ಕಥೆ ಹೇಳಿದ ಹೊಯ್ಸಳ ಬಲ್ಲಾಳ ಪಟ್ಟಕ್ಕೆ ಬಂದದ್ದು 12ನೆಯ ಶತಮಾನದ ಕೊನೆಯ ಭಾಗದಲ್ಲಿ. ಅಜ್ಜಿ ಕಾಳು ಕೊಡುವುದಕ್ಕೆ ಮುನ್ನೂರು ವರ್ಷಗಳಷ್ಟು ಮೊದಲೇ ಈ ಊರಿಗೆ ಹೆಸರಿತ್ತು. ಜನಪದ ಕಥೆಯನ್ನು ಕಥೆ ಎನ್ನದೆ ಇತಿಹಾಸ ಎಂದು ಹೇಳಿದ್ದು ನನ್ನದೇ ತಪ್ಪು. ಹಲ್ಲಿನ ಮಾತಿಗೆ ಅಳುತ್ತ ಕುಳಿತಿದ್ದರೆ ಈ ತಪ್ಪು ನನಗೆ ಕಾಣುತ್ತಲೇ ಇರಲಿಲ್ಲ.

ಕಲ್ಲಿನ ಪಕ್ಕದಲ್ಲೇ ನಿಂತು ಹೊಸ ವಿಡಿಯೊ ಮಾಡಿದೆ, ಹಲ್ಲು ಕಾಣುವಂತೆಯೇ ಮಾತನಾಡಿದೆ. ಹಳೆಯದನ್ನು ತೆಗೆದುಬಿಡು ಎಂದು ಗೆಳತಿಯರು ಹೇಳುತ್ತಲೇ ಇದ್ದಾರೆ. ತೆಗೆದಿಲ್ಲ. ತೆಗೆದರೆ ಅದರ ಕೆಳಗೆ, ಎಲ್ಲಕ್ಕಿಂತ ಮೇಲೆ ನಾನು ಪಿನ್ ಮಾಡಿಟ್ಟಿರುವ ಆ ಪ್ರಶ್ನೆಯೂ ಹೋಗುತ್ತದೆ.