ಕ್ಷುದ್ರಗ್ರಹದ ಬೆಳಕು ಅಳೆಯುವುದು: ನಾನು ಅನುಸರಿಸುವ ಕ್ರಮ

ಎಂಟು ಇಂಚಿನ ದೂರದರ್ಶಕದಲ್ಲಿ ಕ್ಷುದ್ರಗ್ರಹ ಬರೀ ಒಂದು ಚುಕ್ಕೆ. ಅದು ನಕ್ಷತ್ರವಲ್ಲ ಎಂದು ಗೊತ್ತಾಗುವುದು ಜಾಗ ಬದಲಿಸಿದಾಗ ಮಾತ್ರ. ಆದರೂ ಆ ಚುಕ್ಕೆಯ ಹೊಳಪನ್ನು ರಾತ್ರಿಯಿಡೀ ಅಳೆದರೆ, ಎಷ್ಟು ಹೊತ್ತಿಗೆ ಒಂದು ಸುತ್ತು ತಿರುಗುತ್ತದೆ, ಕನಿಷ್ಠ ಎಷ್ಟು ಉದ್ದುದ್ದವಾಗಿದೆ ಎಂಬುದು ಸಿಗುತ್ತದೆ. ಗಾತ್ರ ಮಾತ್ರ ಈ ದಾರಿಯಲ್ಲಿ ನೇರವಾಗಿ ಸಿಗುವುದಿಲ್ಲ.

ಅಭ್ಯಾಸಕ್ಕೆ 216 ಕ್ಲಿಯೋಪಾತ್ರಾ ಎಂಬ ಕ್ಷುದ್ರಗ್ರಹ ಒಳ್ಳೆಯದು. ಅದರ ತಿರುಗುವ ಅವಧಿ 5.385 ಗಂಟೆ ಎಂದು ಈಗಾಗಲೇ ಗೊತ್ತಿರುವುದರಿಂದ ನಮ್ಮ ಲೆಕ್ಕ ತಪ್ಪಿದರೆ ತಕ್ಷಣ ಕಾಣುತ್ತದೆ. 2000ದಲ್ಲಿ ಪ್ರಕಟವಾದ ಅರೆಸಿಬೋ ರೇಡಾರ್ ಫಲಿತಾಂಶದಲ್ಲಿ ಇದು ನಾಯಿ ಕಡಿಯುವ ಮೂಳೆಯಂತೆ, ಎರಡೂ ತುದಿ ದಪ್ಪಗೆ ಕಂಡಿತ್ತು. ಪಕ್ಕದಿಂದ ನೋಡಲು ಸಿಕ್ಕ ವರ್ಷಗಳಲ್ಲಿ ಹೊಳಪಿನ ಏರಿಳಿತ 1 ಮ್ಯಾಗ್ನಿಟ್ಯೂಡ್ (ಆಕಾಶಕಾಯದ ಹೊಳಪಿನ ಅಳತೆಮಾನ) ದಾಟುತ್ತದೆ. ಅದರ ಧ್ರುವ ನಮ್ಮತ್ತ ತಿರುಗಿದ್ದ ವರ್ಷ ಅದೇ ಕ್ಲಿಯೋಪಾತ್ರಾ ತೀರಾ ಸಪ್ಪೆ.

ಕ್ಷುದ್ರಗ್ರಹ ಆಕಾಶದಲ್ಲಿ ಸೂರ್ಯನ ಎದುರು ದಿಕ್ಕಿಗೆ ಬಂದಾಗ ಹಿಡಿಯಬೇಕು. ನಮ್ಮ ಕರ್ನಾಟಕದ ಅಕ್ಷಾಂಶದ ಅನುಕೂಲ ಇಲ್ಲೇ ಇರುವುದು: ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ಸಾಗುವ ಹಾದಿಯ) ಬಳಿಯ ಕಾಯಗಳು ನೆತ್ತಿಯ ಹತ್ತಿರವೇ ಹಾದುಹೋಗುತ್ತವೆ, 30 ಡಿಗ್ರಿಗಿಂತ ಮೇಲೆ ಸುಮಾರು 8 ಗಂಟೆ ಸಿಗುತ್ತವೆ. 30ಕ್ಕಿಂತ ಕೆಳಗೆ ತೆಗೆದ ಚಿತ್ರಗಳನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ. ಮಳೆಗಾಲದ ಮಾತು ಬೇಡ.

ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ಎದುರು ದಿಕ್ಕಿನಲ್ಲಿದ್ದಾಗ ನಿಮಿಷಕ್ಕೆ ಅರ್ಧ ಆರ್ಕ್‌ಸೆಕೆಂಡಿನಷ್ಟು (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಸರಿಯುತ್ತದೆ. ಹಾಗಾಗಿ 60 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಅದು ಗೆರೆಯಾಗುವುದಿಲ್ಲ. ಭೂಮಿಯ ಸಮೀಪ ಹಾಯುವವಕ್ಕೆ ಈ ಲೆಕ್ಕ ನಡೆಯದು, 5–10 ಸೆಕೆಂಡಿಗೆ ಇಳಿಯಬೇಕು. ಕ್ಯಾಮೆರಾ ಕಪ್ಪು-ಬಿಳುಪಿನದಿರಲಿ. ಬಳಸುವ ಯಾವ ನಕ್ಷತ್ರವೂ ಪಿಕ್ಸೆಲ್ ಸಾಮರ್ಥ್ಯದ ಶೇ 70 ದಾಟದಂತೆ ನೋಡಿಕೊಳ್ಳುತ್ತೇನೆ. ಕ್ಷುದ್ರಗ್ರಹದ ಸಂಕೇತ ಸದ್ದಿನ (ಅಳತೆಯಲ್ಲಿ ಬೆರೆಯುವ ಅಡ್ಡಾದಿಡ್ಡಿ ಏರುಪೇರಿನ) 100 ಪಟ್ಟು ಇದ್ದರೆ ದೋಷ ಸುಮಾರು 0.01 ಮ್ಯಾಗ್ನಿಟ್ಯೂಡ್, ಅಷ್ಟು ಸಾಕು.

ಎಲ್ಲರೂ ಸೋಮಾರಿತನ ಮಾಡುವುದು ಫ್ಲ್ಯಾಟ್ ಚಿತ್ರಗಳಲ್ಲಿ, ಅಂದರೆ ಸೆನ್ಸರ್‌ನ ಮೂಲೆ ಮೂಲೆಯ ಹೊಳಪಿನ ವ್ಯತ್ಯಾಸ ತಿದ್ದಲು ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಚಿತ್ರಗಳಲ್ಲಿ. ಜರ್ಮನ್ ಮೌಂಟ್ (ದೂರದರ್ಶಕ ಹೊತ್ತು ತಿರುಗಿಸುವ ಒಂದು ಬಗೆಯ ಪೀಠ) ನಡುರಾತ್ರಿ ಮಗ್ಗುಲು ಬದಲಿಸಿದಾಗ ಚಿತ್ರ ತಲೆಕೆಳಗಾಗುತ್ತದೆ, ಅದೇ ನಕ್ಷತ್ರ ಸೆನ್ಸರ್‌ನ ಬೇರೆ ಮೂಲೆಗೆ ಹೋಗಿ ಬೀಳುತ್ತದೆ. ಫ್ಲ್ಯಾಟ್ ಸರಿಯಿಲ್ಲದಿದ್ದರೆ ಆ ಕ್ಷಣದಲ್ಲೇ ಗ್ರಾಫ್‌ನಲ್ಲಿ 0.02–0.03ರ ಮೆಟ್ಟಿಲು ಮೂಡುತ್ತದೆ. ಅದನ್ನು ಕೈಯಿಂದ ಜೋಡಿಸಿ ನೇರ ಮಾಡುವವರಿದ್ದಾರೆ. ಏರಿಳಿತವೇ 0.1 ಇರುವ ಕಾಯದಲ್ಲಿ ಹಾಗೆ ಮಾಡಿದರೆ ಅವಧಿಯೇ ಸುಳ್ಳಾಗಬಹುದು. ಸಂಜೆಯ ಆಕಾಶಕ್ಕೆ ಹಿಡಿದು, ಸೆನ್ಸರ್ ಅರ್ಧ ತುಂಬುವಂತೆ, ಫೋಕಸ್ ಮತ್ತು ಕ್ಯಾಮೆರಾ ತಿರುವು ಮುಟ್ಟದೆ 20 ಫ್ಲ್ಯಾಟ್ ತೆಗೆಯುವುದೇ ಇದಕ್ಕೆ ಮದ್ದು.

ಹೋಲಿಕೆಗೆ ಅದೇ ಚೌಕಟ್ಟಿನ ಐದು ನಕ್ಷತ್ರ ಬೇಕು, ಬಣ್ಣದಲ್ಲಿ ಸೂರ್ಯನಿಗೆ ಹತ್ತಿರದವು. ಕ್ಷುದ್ರಗ್ರಹದ್ದು ಪ್ರತಿಫಲಿಸಿದ ಬಿಸಿಲು ತಾನೆ. ಕೆಂಪು ನಕ್ಷತ್ರ ಆರಿಸಿದರೆ, ಅದು ದಿಗಂತದ ಕಡೆ ಇಳಿದಂತೆ ವಾತಾವರಣ ನೀಲಿಯನ್ನು ಹೆಚ್ಚು ನುಂಗಿ ರೇಖೆಯನ್ನು ವಾಲಿಸುತ್ತದೆ. ಐದರಲ್ಲಿ ಒಂದು ತಾನೇ ಹೊಳಪು ಬದಲಿಸುವ ನಕ್ಷತ್ರವಾಗಿದ್ದರೆ ಉಳಿದ ನಾಲ್ಕರೊಂದಿಗೆ ಹೋಲಿಸಿದಾಗ ಸಿಕ್ಕಿಬೀಳುತ್ತದೆ.

ಇನ್ನೊಂದು ಮೋಸ, ಹಾದಿಯಲ್ಲಿ ಸಿಗುವ ಮಂಕು ನಕ್ಷತ್ರ. ಬೆಳಕು ಎಣಿಸಲು ಕ್ಷುದ್ರಗ್ರಹದ ಸುತ್ತ ಹಾಕುವ ಅಳತೆಯ ವೃತ್ತದ ವ್ಯಾಸ 10 ಆರ್ಕ್‌ಸೆಕೆಂಡ್ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಅರ್ಧದಂತೆ ಸರಿದರೆ ಆ ನಕ್ಷತ್ರ ಸುಮಾರು 20 ನಿಮಿಷ ವೃತ್ತದೊಳಗೆ ಇರುತ್ತದೆ. ಗ್ರಾಫ್‌ನಲ್ಲಿ ಅದು ಚಂದದೊಂದು ಉಬ್ಬು, ನೋಡಿದವರು ಉಪಗ್ರಹ ಸಿಕ್ಕಿತು ಎಂದೇ ಹಿಗ್ಗಬೇಕು. ಅನುಮಾನ ಬಂದ ಭಾಗದ ಚಿತ್ರಗಳನ್ನು ನಕ್ಷತ್ರಗಳು ಒಂದರ ಮೇಲೊಂದು ಕೂರುವಂತೆ ಒಟ್ಟುಗೂಡಿಸಿ ನೋಡಿ, ಹಾದಿಯಲ್ಲಿ ಏನಾದರೂ ಇದ್ದರೆ ಆ ಬಿಂದುಗಳನ್ನು ಕಿತ್ತುಹಾಕುತ್ತೇನೆ.

ಲೆಕ್ಕಕ್ಕೆ ಕೂರುವ ಮುನ್ನ ಸಮಯ ತಿದ್ದಬೇಕು. ಫೈಲಿನಲ್ಲಿರುವುದು ಎಕ್ಸ್‌ಪೋಷರ್ ಆರಂಭವಾದ ಸಮಯವಾಗಿದ್ದರೆ ಅದರ ಅರ್ಧ ಕೂಡಿಸಿ ನಡುವಿನ ಸಮಯಕ್ಕೆ ತರುವುದು ಒಂದು. ಬೆಳಕು ಅಲ್ಲಿಂದ ಬರಲು ಹಿಡಿದ ಹೊತ್ತನ್ನು ಕಳೆಯುವುದು ಇನ್ನೊಂದು: ಒಂದು ಖಗೋಳಮಾನಕ್ಕೆ (ಸೂರ್ಯ-ಭೂಮಿಯ ಸರಾಸರಿ ದೂರಕ್ಕೆ) 499 ಸೆಕೆಂಡು. ಹೊಳಪಿನಲ್ಲೂ ಸೂರ್ಯನಿಂದ ಮತ್ತು ನಮ್ಮಿಂದ ಇರುವ ದೂರದ ಪರಿಣಾಮ ತೆಗೆಯಬೇಕು. ಆಮೇಲೆ ಫೂರಿಯರ್ ಸರಣಿ (ಹಲವು ಅಲೆಗಳ ಮೊತ್ತ) ಹೊಂದಿಸಿ ಅವಧಿ ಹುಡುಕುವ ಕೆಲಸ ಸಾಫ್ಟ್‌ವೇರ್‌ನದು.

ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನು ಹಾಗೇ ಒಪ್ಪಬಾರದು. ಉದ್ದುದ್ದ ಕಾಯ ಒಂದು ಸುತ್ತಿನಲ್ಲಿ ಎರಡು ಸಲ ಬೆಳಗಿ ಎರಡು ಸಲ ಮಂಕಾಗುತ್ತದೆ. ಎರಡು ಉಬ್ಬೂ ಒಂದೇ ತರ ಇದ್ದರೆ ಗಣಿತಕ್ಕೆ ಅರ್ಧ ಅವಧಿಯೇ ಹಿಡಿಸುತ್ತದೆ. ಒಂದೇ ಊರಿನಿಂದ ಮಾತ್ರ ನೋಡಿದಾಗ ಎರಡು ರಾತ್ರಿಗಳ ನಡುವೆ ಎಷ್ಟು ಸುತ್ತು ಕಳೆಯಿತೆಂಬ ಗೊಂದಲ ಬೇರೆ. 8, 12, 24 ಗಂಟೆಗೆ ಹತ್ತಿರದ ಅವಧಿಗಳು ಹಠಮಾರಿಗಳು: ಪ್ರತಿ ರಾತ್ರಿ ಅದೇ ಮುಖ ಎದುರಿಗೆ. ಅಂಥವಕ್ಕೆ ಯುರೋಪಿನಲ್ಲೋ ಅಮೆರಿಕದಲ್ಲೋ ನೋಡುವವರ ಅಳತೆ ಸೇರಿಸದೆ ಗತಿಯಿಲ್ಲ. ಸುಮಾರು 200 ಮೀಟರ್‌ಗಿಂತ ದೊಡ್ಡ ಕಾಯಕ್ಕೆ 2.2 ಗಂಟೆಗಿಂತ ಕಡಿಮೆ ಅವಧಿ ಬಂದರಂತೂ ಮೊದಲು ಲೆಕ್ಕವನ್ನೇ ಶಂಕಿಸಬೇಕು. ಅವುಗಳಲ್ಲಿ ಬಹಳಷ್ಟು ಗುರುತ್ವದಿಂದಷ್ಟೇ ಅಂಟಿಕೊಂಡ ಕಲ್ಲುರಾಶಿಗಳು, ಅದಕ್ಕಿಂತ ಜೋರಾಗಿ ತಿರುಗಿದರೆ ಚದುರಿಹೋಗುತ್ತವೆ.

ಆಕಾರಕ್ಕೆ ಸೂತ್ರ ಸುಲಭ: ಏರಿಳಿತವನ್ನು 0.4ರಿಂದ ಗುಣಿಸಿ, 10ನ್ನು ಆ ಘಾತಕ್ಕೇರಿಸಿದರೆ ಉದ್ದ-ಅಗಲದ ಕನಿಷ್ಠ ಅನುಪಾತ. ಆದರೆ ಸೂರ್ಯ, ಕ್ಷುದ್ರಗ್ರಹ, ಭೂಮಿ ಮಾಡುವ ಕೋನ ಹೆಚ್ಚಿದಂತೆ ನೆರಳು ಬೆಳೆದು ಏರಿಳಿತ ಉಬ್ಬುತ್ತದೆ. ಕಲ್ಲಿನ ಎಸ್ ಬಗೆಯವಕ್ಕೆ ಡಿಗ್ರಿಗೆ ಸುಮಾರು 0.03 ಪಾಲು, ಕಪ್ಪು ಸಿ ಬಗೆಯವಕ್ಕೆ 0.015. ಎಸ್ ಬಗೆಯ ಒಂದರಲ್ಲಿ 20 ಡಿಗ್ರಿಯಲ್ಲಿ 0.6 ಅಳೆದಿದ್ದರೆ 1.6ರಿಂದ (1 + 20 × 0.03) ಭಾಗಿಸಿ 0.375 ಎನ್ನಬೇಕು. ತಿದ್ದದಿದ್ದರೆ ಅನುಪಾತ 1.74, ತಿದ್ದಿದರೆ 1.41.

ಗಾತ್ರಕ್ಕೆ ಬೇಕಾದದ್ದು ಎಚ್ ಮೌಲ್ಯ, ಅಂದರೆ ಸೂರ್ಯನಿಂದಲೂ ನಮ್ಮಿಂದಲೂ ಒಂದು ಖಗೋಳಮಾನ ದೂರದಲ್ಲಿ, ಕೋನ ಸೊನ್ನೆಯಿದ್ದಾಗ ಇರುವ ಹೊಳಪು. ಜೊತೆಗೆ ಮೇಲ್ಮೈ ಎಷ್ಟು ಪಾಲು ಬೆಳಕು ಮರಳಿಸುತ್ತದೆಂಬ ಆಲ್ಬೆಡೋ. ಎಚ್ 15 ಇರುವ ಕಾಯ, ಆಲ್ಬೆಡೋ 0.20 ಆದರೆ 3 ಕಿ.ಮೀ., 0.05 ಆದರೆ ಸುಮಾರು 6 ಕಿ.ಮೀ. ಆಲ್ಬೆಡೋ ತಿಳಿಯಲು ಅದು ಸೂಸುವ ಶಾಖವನ್ನು ಅತಿಗೆಂಪಿನಲ್ಲಿ ಅಳೆಯಬೇಕು, ಅದು ಉಪಗ್ರಹ ದೂರದರ್ಶಕಗಳ ಕೆಲಸ. ಹಾಗಾಗಿ ವ್ಯಾಸ ಕೊಡುವಾಗಲೆಲ್ಲ ಯಾವ ಆಲ್ಬೆಡೋ ಬಳಸಿದೆ, ಅದು ಅಳೆದದ್ದೋ ಬಗೆಯಿಂದ ಊಹಿಸಿದ್ದೋ ಎಂದು ಪಕ್ಕದಲ್ಲೇ ಬರೆಯುತ್ತೇನೆ.