ಗರಗಸ ಓದದ ಹುಡುಗ ಟ್ರ್ಯಾಕ್ಟರ್ ಓದಿದ

ಹೋದ ತಿಂಗಳು ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಶಿಕ್ಷಕರ, ಸಮಾಲೋಚನಾ ಸಭೆ ನಮ್ಮ ಶಾಲೆಯಲ್ಲೇ ನಡೆಯಿತು. "ಮೇಡಂ, ಮೊದಲು ಕಾಗುಣಿತ ಮುಗಿಸಿ, ಕಥೆ ಪುಸ್ತಕ ಆಮೇಲೆ ನೋಡೋಣ" ಅಂತ ಮೂರು ವರ್ಷದ ಹಿಂದೆ ಎಲ್ಲರೆದುರು ಹೇಳಿದ್ದ ಹಿರಿಯ ಮೇಷ್ಟ್ರು ನನ್ನ ತರಗತಿಯಲ್ಲಿ ಕಥೆ ಪುಸ್ತಕ ನೇತು ಹಾಕಿದ ಹಗ್ಗದ ಮುಂದೆ ನಿಂತು ಮೊಬೈಲಲ್ಲಿ ಫೋಟೊ ಹೊಡೆದುಕೊಳ್ಳುತ್ತಿದ್ದರು. ಖುಷಿ ಆಗಲಿಲ್ಲ ಅಂದರೆ ಸುಳ್ಳು. ಹೊರಡುವಾಗ ನಾಲ್ಕೈದು ಜನ "ಮಕ್ಕಳಿಗೆ ಯಾವ ಪುಸ್ತಕ ತರಬೇಕು, ಒಂದು ಲಿಸ್ಟ್ ಕೊಟ್ಟುಬಿಡಿ" ಅಂದರು. ಕೊಡಲಿಲ್ಲ. ಜಂಬಕ್ಕಲ್ಲ, ನಾನೇ ಒಂದು ಸಲ ಲಿಸ್ಟ್ ನೋಡಿ ಕೊಂಡು ಕೈ ಸುಟ್ಟುಕೊಂಡವಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಾರ್ಡು, ಚಟುವಟಿಕೆಯಲ್ಲಿ ಕಲಿಸುವ ನಲಿಕಲಿಯಲ್ಲಿ ಮೂರೂ ತರಗತಿ ಸೇರಿ 26-27 ಮಕ್ಕಳು, ಅವರಲ್ಲಿ ಹದಿನೆಂಟು ಮಂದಿ ತಾಂಡಾದಿಂದ ಬರುವವರು. ಮನೆಯಲ್ಲಿ ಲಂಬಾಣಿ, ಅಂಗಳ ದಾಟಿದರೆ ಕನ್ನಡ. 2021ರ ಅಕ್ಟೋಬರ್ ಕೊನೆಗೆ ಒಂದರಿಂದ ಐದನೇ ತರಗತಿ ಮತ್ತೆ ಶುರುವಾದಾಗ ಮೂರನೇ ತರಗತಿಯ ಮಕ್ಕಳೂ ಕಲಿಕಾ ಏಣಿಯ ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ದರು. ಒಂದನೇ ತರಗತಿಯ ಕೊನೆಗೇ ಕೊರೊನಾ ಬಂದು ಶಾಲೆ ಮುಚ್ಚಿತ್ತಲ್ಲ, ಎರಡನೇದಕ್ಕೆ ಶಾಲೆಯನ್ನೇ ಸರಿಯಾಗಿ ನೋಡಿರಲಿಲ್ಲ.

ಆ ವರ್ಷ ಗ್ರಂಥಾಲಯದ ಅನುದಾನ ಐದು ಸಾವಿರ ಬಂತು. ಒಬ್ಬರು ಪುಸ್ತಕದವರು ಲಿಸ್ಟ್ ಹಿಡಿದು ಬಂದರು, ಶೇಕಡ 20 ರಿಯಾಯಿತಿ ಅಂದರು, ನಾನು ಟಿಕ್ ಹಾಕುತ್ತಾ ಹೋದೆ. ಎಪ್ಪತ್ತು ಪುಸ್ತಕ ಬಂದವು ಅಂತ ನೆನಪು. ಮಹಾಪುರುಷರ ಜೀವನ, ನೀತಿ ಕಥೆ, ಸಾಮಾನ್ಯ ಜ್ಞಾನ. ಸಣ್ಣ ಅಕ್ಷರ, ಮಸುಕು ಕಾಗದ, ಹತ್ತು ಪುಟಕ್ಕೆ ಒಂದು ಕಪ್ಪು ಬಿಳುಪು ಚಿತ್ರ. ಒಂದು ಮಗುವೂ ಎರಡನೇ ಪುಟ ತಿರುವಲಿಲ್ಲ. ಅವನ್ನೆಲ್ಲ ಆರನೇ ತರಗತಿ ಇರುವ ಪಕ್ಕದ ಊರಿನ ಶಾಲೆಗೆ ಕೊಡೋಣ ಅಂದರೆ ಸ್ಟಾಕ್ ರಿಜಿಸ್ಟರಿಗೆ ಹತ್ತಿವೆ, ಕೊಡುವ ಹಾಗಿಲ್ಲ. ಇವತ್ತಿಗೂ ಬೀರುವಿನಲ್ಲಿ ಬೆಚ್ಚಗಿವೆ.

ಎರಡನೇ ಸೋಲು ನನ್ನ ಬುದ್ಧಿವಂತಿಕೆಯದು. ಒತ್ತಕ್ಷರ ಇರುವುದಕ್ಕೇ ಮಕ್ಕಳಿಗೆ ಕಷ್ಟ ಅಂದುಕೊಂಡು ಒತ್ತೇ ಇಲ್ಲದ ಪುಸ್ತಕ ಹುಡುಕಿದೆ. ಸಿಗಲಿಲ್ಲ, ನಾನೇ ಡ್ರಾಯಿಂಗ್ ಹಾಳೆಯಲ್ಲಿ ಎಂಟು ಪುಸ್ತಕ ಮಾಡಿದೆ. ರ ಗ ಸ ದ ಅ ಕಲಿತ ಮಕ್ಕಳಿಗೆ ಎಂಥ ಕಥೆ ಬರುತ್ತೆ ನಿಮಗೆ ಗೊತ್ತಲ್ವಾ, ಅರಸ, ಅಗಸ, ಸರ, ಗರಗಸ. ಅರಸನ ಸರ ಕಳೆಯಿತು, ಅಗಸ ಗರಗಸ ತಂದ. ಯಾಕೆ ತಂದ ಅಂತ ಬರೆದ ನನಗೇ ಗೊತ್ತಿಲ್ಲ. ಮಕ್ಕಳು ಗ... ರ... ಗ... ಸ ಅಂತ ಒಂದೊಂದೇ ಅಕ್ಷರ ಎಳೆದು, ಮುಗಿದ ಮೇಲೆ ನನ್ನ ಮುಖ ನೋಡುತ್ತಿದ್ದರು. ಒಬ್ಬ ಹುಡುಗನಂತೂ ನಾಲ್ಕು ಅಕ್ಷರ ಬಿಡಿಬಿಡಿಯಾಗಿ ಹೇಳುತ್ತಿದ್ದ, ಕೂಡಿಸು ಅಂದರೆ ಗಪ್‌ಚುಪ್.

ಅದೇ ಹುಡುಗ ಒಂದು ದಿನ ಬಿಸಿಯೂಟ ಮುಗಿಸಿ ಬಂದು, ನಾನು ಯಾವುದೋ ತರಬೇತಿಯಿಂದ ತಂದಿಟ್ಟಿದ್ದ ಪುಸ್ತಕ ತೆಗೆದು "ಟ್ರ್ಯಾಕ್ಟರ್ ಬಂತು" ಅಂತ ಓದಿದ. ಟ್ರ್ಯಾ ನೋಡಿ, ಒಂದೇ ಅಕ್ಷರಕ್ಕೆ ಎರಡು ಒತ್ತು, ಮೇಲೊಂದು ದೀರ್ಘ. ನಮ್ಮ ಲೆಕ್ಕದಲ್ಲಿ ಅವನು ಅದನ್ನು ಇನ್ನೆರಡು ವರ್ಷ ಮುಟ್ಟಬಾರದು! ಅವನಪ್ಪ ಟ್ರ್ಯಾಕ್ಟರ್ ಓಡಿಸುತ್ತಾರೆ. ಹಿರಿಯ ಮೇಷ್ಟ್ರಿಗೆ ಹೇಳಿದರೆ, "ಚಿತ್ರ ನೋಡಿ ಹೇಳಿದ್ದಾನೆ ಬಿಡಿ" ಅಂದರು. ಸರಿ, ಬೋರ್ಡಿನ ಮೇಲೆ ಚಿತ್ರ ಇಲ್ಲದೆ ಬರೆದೆ. ಓದಿದ. ಟ್ರಕ್ ಅಂತ ಬರೆದೆ, ಓದಲಿಲ್ಲ. ಅಂದರೆ ಮೇಷ್ಟ್ರ ಮಾತು ಅರ್ಧ ಸರಿ, ಪದದ ಆಕಾರವನ್ನೇ ಚಿತ್ರದ ಹಾಗೆ ಗುರುತು ಹಿಡಿದಿದ್ದ. ಆದರೆ ಆ ಪುಸ್ತಕ ಬಿಡದೆ ಹಿಡಿದುಕೊಂಡೇ ಓಡಾಡಿದ, ಸುಮಾರು ಒಂದೂವರೆ ತಿಂಗಳಿಗೆ ಟ್ರಕ್ ಬಂತು, ಟ್ರಂಕು ಬಂತು, ಅದರ ಹಿಂದೆ ಗರಗಸವೂ ಕೂಡಿಕೊಂಡಿತು.

ಅಲ್ಲಿಂದ ನಾನು ಒತ್ತು ಎಣಿಸುವುದನ್ನು ಬಿಟ್ಟೆ. ಪುಟದಲ್ಲಿರುವ ಪದ ಮಗುವಿನ ಬಾಯಲ್ಲಿ ಈಗಾಗಲೇ ಇದೆಯಾ ಅಂತ ನೋಡುತ್ತೇನೆ. ಅಜ್ಜಿ, ರೊಟ್ಟಿ, ಕತ್ತೆ, ಬಸ್ಸು, ಚಪ್ಪಲಿ, ಇವೆಲ್ಲ ಒತ್ತೇ ಅಲ್ವಾ? ಸಲೀಸಾಗಿ ಓದುತ್ತಾರೆ. ಒತ್ತೇ ಇಲ್ಲದ 'ಪರಿಸರ'ಕ್ಕೆ ಒದ್ದಾಡುತ್ತಾರೆ. ಪುಟಕ್ಕೆ ಎರಡಕ್ಕಿಂತ ಜಾಸ್ತಿ ಗೊತ್ತಿಲ್ಲದ ಪದ ಇದ್ದರೆ ಆ ಪುಸ್ತಕ ನಾನು ಓದಿ ಹೇಳುವುದಕ್ಕೆ, ಅವರ ಕೈಗಲ್ಲ.

ಕ್ರಿಯಾಪದದ ವಿಷಯ ಯಾರೂ ಹೇಳುವುದಿಲ್ಲ, ನನಗೂ ತಡವಾಗಿ ಹೊಳೆಯಿತು. ಹೋದನು, ಬಂದನು, ತಿಂದಿತು ಅಂತ ಬರೆದಿರುವ ಪುಸ್ತಕದಲ್ಲಿ ಮಕ್ಕಳು 'ಹೋದ' ಅಂತ ಓದಿ, ಇನ್ನೂ ಒಂದು 'ನು' ಉಳಿದಿದೆಯಲ್ಲ ಅಂತ ನಿಂತುಬಿಡುತ್ತಾರೆ. ಪ್ರತಿ ವಾಕ್ಯದ ಕೊನೆಗೂ ಒಂದು ಎಡವು. ಅದೇ ಕಥೆ ಹೋದ, ಬಂದ, ತಿಂತು ಅಂತ ಇದ್ದರೆ ಗಾಡಿ ಓಡುತ್ತದೆ. ಚೆನ್ನಾಗಿರುವ ಮೂರು ಪುಸ್ತಕದಲ್ಲಿ ನಾನೇ ಬಿಳಿ ಇಂಕು ಹಚ್ಚಿ 'ನು' ಅಳಿಸಿದ್ದೇನೆ, ಬೈಯುವವರು ಬೈಯಲಿ. ಸಾಲಿನ ಕೊನೆಯಲ್ಲಿ ಪದ ಮುರಿದು ಮುಂದಿನ ಸಾಲಿಗೆ ಹೋಗಿರುವ ಪುಸ್ತಕವನ್ನು ಅಂಗಡಿಯಲ್ಲೇ ಕೆಳಗಿಡಿ. 'ಓಡಿಹೋ' ಒಂದು ಸಾಲು, 'ಯಿತು' ಇನ್ನೊಂದು ಸಾಲು ಅಂದರೆ ನಮ್ಮ ಮಕ್ಕಳಿಗೆ ಅದು ಎರಡು ಬೇರೆ ಪದ. ಬಣ್ಣದ ಚಿತ್ರದ ಮೇಲೇ ಅಕ್ಷರ ಅಚ್ಚು ಹಾಕಿದ್ದರೂ ಬೇಡ, ಕೆಳಗಿನ ಒತ್ತು ಕಾಣುವುದೇ ಇಲ್ಲ. ಅರ್ಕಾವತ್ತು ಮಾತ್ರ ನನಗಿನ್ನೂ ಪೂರ್ತಿ ಬಗೆಹರಿದಿಲ್ಲ. ಸೂರ್ಯನನ್ನು ಸೂಯ್ರ ಅನ್ನುವುದು ಮೂರನೇ ತರಗತಿಯವರೆಗೂ ಇದ್ದೇ ಇದೆ.

ಇನ್ನು ದುಡ್ಡು. ಸ್ಟೋರಿವೀವರ್ ಅನ್ನುವ ವೆಬ್‌ಸೈಟಲ್ಲಿ ಪ್ರಥಮ್ ಬುಕ್ಸ್ ಪ್ರಕಾಶನದವರು ಕನ್ನಡ ಕಥೆಗಳನ್ನು ಪುಕ್ಕಟೆ ಇಟ್ಟಿದ್ದಾರೆ, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು, ನಿಮಗೆಲ್ಲ ಗೊತ್ತು. ನಾನು ಗೊತ್ತಾದ ವಾರವೇ ಹನ್ನೆರಡು ಕಥೆ ಕಲರ್ ಪ್ರಿಂಟ್ ಹಾಕಿಸಿದೆ. ಹಾಳೆಗೆ ಹತ್ತು ರೂಪಾಯಿ, ಮೇಲೆ ಲ್ಯಾಮಿನೇಷನ್, ಸ್ಪೈರಲ್, ಒಂದೊಂದಕ್ಕೆ 180ರಿಂದ 200 ಬಿತ್ತು. ಅಚ್ಚಾದ ಪುಸ್ತಕವೇ 40-60 ರೂಪಾಯಿಗೆ ಸಿಗುವಾಗ! ನಮ್ಮ ಯಜಮಾನರು ಆ ಬಿಲ್ ನೋಡಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು. ಈಗ ಮಾಡುವುದೇ ಬೇರೆ. ಮೊದಲು ಮೊಬೈಲಲ್ಲೇ ತೋರಿಸಿ ಓದಿ ಹೇಳುತ್ತೇನೆ. "ಇನ್ನೊಂದ್ಸಲ ಮಿಸ್" ಅಂತ ಕನಿಷ್ಠ ಮೂರು ಮಕ್ಕಳು ಕೇಳಬೇಕು, ಅದೂ ಮಾರನೇ ದಿನ. ಆ ದಿನವೇ ಕೇಳಿದರೆ ಲೆಕ್ಕಕ್ಕಿಲ್ಲ, ಪಾಠದ ಕಾರ್ಡ್ ಮಾಡುವುದು ತಪ್ಪಲಿ ಅಂತ ಕೇಳುತ್ತಾರೆ ಕಳ್ಳರು. ಇಪ್ಪತ್ತು ಕಥೆ ತೋರಿಸಿದರೆ ನಾಲ್ಕೋ ಐದೋ ಪಾಸಾಗುತ್ತವೆ, ಅಚ್ಚಿನಲ್ಲಿದ್ದರೆ ಅವನ್ನು ಮಾತ್ರ ಕೊಳ್ಳುತ್ತೇನೆ, ಒಂದೊಂದಕ್ಕೆ ಎರಡು ಪ್ರತಿ. ಒಂದೇ ಪ್ರತಿ ಇದ್ದರೆ ಜಗಳ, ಮೂರು ಇದ್ದರೆ ಯಾರಿಗೂ ಬೇಡ. ಪುಸ್ತಕದ ಹಿಂಬದಿ ರಟ್ಟಿನ ಮೇಲೆ ಬರೆದಿರುವ ಓದಿನ ಹಂತವನ್ನು ಪೂರ್ತಿ ನಂಬಬೇಡಿ. ಪುಟಕ್ಕೆ ಒಂದೇ ವಾಕ್ಯ ಇದ್ದರೂ ಆ ವಾಕ್ಯದಲ್ಲಿ 'ಉತ್ಸಾಹದಿಂದ' ಇದ್ದರೆ ಮುಗಿಯಿತು.

ಅಂಚು ಮಡಚಿದ, ಹೊದಿಕೆ ಹರಿದ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಡುವ ಒಂದು ಅಂಗಡಿ ದಾವಣಗೆರೆಯಲ್ಲಿದೆ. ಹೆಸರು ಹೇಳಲ್ಲ, ಹೇಳಿದರೆ ನನಗೇ ಸಿಗಲ್ಲ. ಮೂರು ವರ್ಷದಲ್ಲಿ ಸ್ವಂತದ್ದು ಆರೂವರೆ ಏಳು ಸಾವಿರ ಹೋಗಿರಬೇಕು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಒಂದು ಆಗಸ್ಟ್ 15ಕ್ಕೆ ಸಾವಿರ ಕೊಟ್ಟರು. ನೂರಾ ನಲವತ್ತು ಪುಸ್ತಕದಲ್ಲಿ ಮೂವತ್ತು ಕಳೆದಿವೆ. ಮನೆಗೆ ಕೊಟ್ಟರೆ ಕಳೆಯುತ್ತವೆ, ಕೊಡದಿದ್ದರೆ ಬೀರುವಿನ ಕಥೆಯೇ ಮತ್ತೆ. ಕಾಫಿ ಎಸ್ಟೇಟಿಗೆ ಹೋದ ಮನೆಯ ಹುಡುಗಿಯೊಬ್ಬಳು ತೆಗೆದುಕೊಂಡು ಹೋದದ್ದು ನಾಲ್ಕು ತಿಂಗಳಾದ ಮೇಲೆ ಬಂತು, ಎಣ್ಣೆ ಕಲೆ ಸಮೇತ, ಪೂರ್ತಿ ಬಾಯಿಪಾಠ.

ಇಡುವ ಜಾಗದ ಪಾಡೂ ಕೇಳಿ. ಮಕ್ಕಳು ಮಾಡಿದ್ದನ್ನು ತೂಗು ಹಾಕಲು ತಲೆ ಮೇಲೆ ದಾರದಲ್ಲಿ ಕಟ್ಟಿರುವ ನಲಿಕಲಿ ಚಪ್ಪರಕ್ಕೇ ಪುಸ್ತಕ ನೇತು ಹಾಕಿದೆ, ಭಾರಕ್ಕೆ ದಾರ ಕಿತ್ತು ಕೆಳಗೆ ಗುಂಪಿನಲ್ಲಿ ಕೂತಿದ್ದವರ ತಲೆ ಮೇಲೆ ಬಿತ್ತು. ಈಗ ಕಿಟಕಿ ಸರಳಿನಿಂದ ಸರಳಿಗೆ ನೈಲಾನ್ ಹಗ್ಗ, ಬಟ್ಟೆ ಕ್ಲಿಪ್ಪು, ಮಕ್ಕಳ ಎದೆ ಮಟ್ಟಕ್ಕೆ, ಮುಖಪುಟ ಕಾಣುವ ಹಾಗೆ. ವಾರಕ್ಕೆ ಹತ್ತೇ ಪುಸ್ತಕ. ಯಾವ ಹತ್ತು ಅಂತ ಹೇಗೆ ಗೊತ್ತು ಮಾಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಒಂದು ಅಡ್ಡ ದಾರಿ ಹಿಡಿದಿದ್ದೇನೆ, ಅದನ್ನು ಹೇಳಿ ನಿಲ್ಲಿಸುತ್ತೇನೆ. ಕಪ್ಪು ಬಿಳುಪು ಪ್ರಿಂಟ್ ಹಾಕಿಸಿ ಬಣ್ಣ ಮಕ್ಕಳಿಂದಲೇ ತುಂಬಿಸಿದೆ, ಹಾಳೆಗೆ ಎರಡೇ ರೂಪಾಯಿ, ತಾವು ಬಣ್ಣ ಹಚ್ಚಿದ ಪುಸ್ತಕ ಅಂತ ಬಿಡದೆ ಓದುತ್ತಾರೆ. ಅದೇ ಹಾಳೆಗಳಲ್ಲಿ ಕನ್ನಡ ಸಾಲಿನ ಕೆಳಗೆ ಲಂಬಾಣಿ ಸಾಲನ್ನು ಕನ್ನಡ ಅಕ್ಷರದಲ್ಲೇ ಬರೆಯತೊಡಗಿದೆ. ಯಾಡಿ (ಅವ್ವ), ಬಾಟಿ (ರೊಟ್ಟಿ), ಪಾಣಿ (ನೀರು) ಅಂತ ನೋಡಿದ ಕೂಡಲೇ ತರಗತಿಯೇ ಹೋ ಅಂದಿತು. ನಾನು ಬರೆದ ಲಂಬಾಣಿಯಲ್ಲಿ ತಪ್ಪು ಹುಡುಕುವುದಕ್ಕಾಗಿಯೇ ಓದುತ್ತಾರೆ. ಒಬ್ಬಳು ಅವಳ ಅಜ್ಜಿಯನ್ನೇ ಕರೆತಂದು "ನಮ್ ಮಿಸ್ ತಪ್ಪು ಬರ್ದಿದ್ದಾರೆ, ಹೇಳು" ಅಂದಳು, ಅಜ್ಜಿ ಮುಕ್ಕಾಲು ಗಂಟೆ ಕೂತು ನಾಲ್ಕು ಪುಸ್ತಕ ತಿದ್ದಿಸಿದರು. ಈಗ ಏಳು ಆಗಿವೆ, ಇನ್ನೂ ಐದು ಮಾಡುವುದಿದೆ. ಜೆರಾಕ್ಸ್ ಅಂಗಡಿಯಲ್ಲಿ ನನ್ನ ಬಾಕಿ 340 ಇದೆ, ಅದನ್ನು ತೀರಿಸಿದ ಮೇಲೆ.