ರಾತ್ರಿ ಪಾಳಿಯವರ ಹಾಜರಿ ತಪ್ಪದಿರಲು

ಬೆಳಗಾವಿಯ ಉದ್ಯಮಬಾಗದಲ್ಲಿ ಮೂರು ಪಾಳಿಗಳಲ್ಲಿ ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ) ನಡೆಸುವವರು ತಮ್ಮ ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿ ರಾತ್ರಿ ಪಾಳಿಯ ದಿನ ಮುಗಿಯುವ ಸಮಯವನ್ನು ಮಧ್ಯರಾತ್ರಿಯ ಬದಲು ಬೆಳಿಗ್ಗೆ 10 ಗಂಟೆಗೆ ಇಡಬೇಕು. ಹಾಗೆ ಮಾಡದಿದ್ದರೆ, ರಾತ್ರಿ 10ಕ್ಕೆ ಒಳಬಂದು ಬೆಳಿಗ್ಗೆ 6ಕ್ಕೆ ಹೊರಹೋದ ಕಾರ್ಮಿಕನ ಹೊರಹೋಗುವ ಪಂಚ್ (ಹಾಜರಿ ಯಂತ್ರದಲ್ಲಿ ದಾಖಲಾಗುವ ಗುರುತು) ಮರುದಿನದ ಲೆಕ್ಕಕ್ಕೆ ಸೇರಿ, ಇಡೀ ರಾತ್ರಿ ದುಡಿದವನ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ಪಗಾರದ ಜೊತೆಗೆ ಅವನ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವಂತಿಗೆಯೂ ಕಡಿಮೆಯಾಗುತ್ತದೆ. ಇದು ಅವನಿಗೆ ಆಗುವ ನಿಜವಾದ ಅನ್ಯಾಯ. ಆದರೆ ಯಾರಾದರೂ ಎರಡು ಪಾಳಿ ಸೇರಿಸಿ ಮಧ್ಯಾಹ್ನ 2ರವರೆಗೆ ಉಳಿದರೆ, ಅಥವಾ ಪಾಳಿ ಬದಲಿಸಿಕೊಂಡದ್ದನ್ನು ಮೇಸ್ತ್ರಿ ಸಾಫ್ಟ್‌ವೇರ್‌ನಲ್ಲಿ ನಮೂದಿಸದಿದ್ದರೆ, ಈ ಉಪಾಯ ಕೆಲಸ ಮಾಡುವುದಿಲ್ಲ. ಮರಳು ಅಚ್ಚಿನ ಕೆಲಸದಲ್ಲಿ ಬೆರಳ ತುದಿಯ ಗೆರೆಗಳು ಸವೆದವರ ಪಂಚ್ ಬೆರಳಚ್ಚು ಯಂತ್ರದಲ್ಲಿ ದಾಖಲಾಗದೆಯೇ ಹೋಗಬಹುದು. ಅಂಥವರಿಗೆ ಮುಖ ಗುರುತಿಸುವ ಯಂತ್ರವೋ ಕಾರ್ಡೋ ಇರಲೇಬೇಕು. ವಂತಿಗೆ ತುಂಬಲು ಮುಂದಿನ ತಿಂಗಳ 15ರವರೆಗೆ ಮಾತ್ರ ಅವಕಾಶವಿರುವುದರಿಂದ, ಪಗಾರದ ಲೆಕ್ಕ ಹಾಕುವ ಎರಡು ದಿನ ಮೊದಲೇ ಒಂದೇ ಪಂಚ್ ಇರುವವರ ಪಟ್ಟಿಯನ್ನು ತೆಗೆದು, ಅವರು ನೋಡಿ ಸರಿಪಡಿಸಿಕೊಳ್ಳುವಂತೆ ಗೇಟಿನ ಬಳಿ ಕನ್ನಡದಲ್ಲಿ ಅಂಟಿಸಿರಿ.